ತುಟಿಯ ಮೇಲಿನ ದೂರು

ಇಂಗ್ಲಿಷರ ನಾಡಿನ ಉತ್ತರದ ಊರು ಬರ್ನ್ಲಿಯ ಆ ನೇಯ್ಗೆ ಶೆಡ್ಡಿನಲ್ಲಿ ತಬಿತಾಳಷ್ಟು ಗೊಣಗುವವಳು ಇನ್ನೊಬ್ಬಳಿರಲಿಲ್ಲ. ಬಿಸಿಲು ಬಂದರೆ ಕಣ್ಣು ಚುಚ್ಚುತ್ತದೆ, ಮೋಡ ಕವಿದರೆ ಬಟ್ಟೆ ಒಣಗುವುದಿಲ್ಲ. ಆ ವಾರ ಮಾತ್ರ ಅವಳ ಗೊಣಗಾಟವೆಲ್ಲ ಉಗಿಯದ್ದು. ನೂಲು ಹರಿಯದಿರಲೆಂದು ಮಾಲೀಕರು ಕೊಳವೆಗಳಿಂದ ಒಳಕ್ಕೆ ಬಿಸಿ ಉಗಿ ಬಿಡಿಸುತ್ತಿದ್ದರು. ನೂಲಿಗೆ ಸುಖ, ನೇಯುವವರಿಗೆ ಕೆಮ್ಮು. ತಬಿತಾಳ ಗಂಡ ಹೋದದ್ದೂ ಆ ಕೆಮ್ಮಿನಲ್ಲೇ.

ಬೆಳಿಗ್ಗೆ ಮಗ್ಗಗಳು ಶುರುವಾಗುವ ಮುನ್ನ, ದಕ್ಷಿಣದಿಂದ ಹೊಸದಾಗಿ ಬಂದ ಮ್ಯಾನೇಜರ್ ಫೆನ್‌ವಿಕ್ ಅವಳೆದುರು ನಿಂತ.

“ನಿನ್ನ ವಿಂಜ್ ಸಾಕಮ್ಮ. ಇವತ್ತು ಸರ್ಕಾರದ ಇನ್‌ಸ್ಪೆಕ್ಟರ್ ಬರ್ತಾರೆ. ಒಂದೇ ಒಂದು ದೂರು ನನ್ನ ಕಿವಿಗೆ ಬಿದ್ರೂ ನಿನ್ನ ಮಗ್ಗ ಬೇರೆಯವರಿಗೆ.”

ಮಗ್ಗ ಹೋದರೆ ತಬಿತಾಳ ಒಲೆ ಆರಿದಂತೆಯೇ. ಅವಳು ತುಟಿ ಬಿಗಿದಳು.

ಪಕ್ಕದ ಮಗ್ಗದ ಮುದುಕ ಜೇಬೆಜ್ ಸಹಕಾರಿ ವಾಚನಾಲಯದ ಹುಳು. “ವಿಂಜ್ ಅಂದ್ರೆ ಸದಾ ಗೊಣಗೋದು ಕಣವ್ವ. ಹಳೇ ಇಂಗ್ಲಿಷಿನ ಪದ, ಬುಡದಲ್ಲಿ ನಾಯಿ ಕುಂಯ್‌ಗುಟ್ಟಿದ ಹಾಗೆ ಅಳೋದು ಅಂತ. ದಕ್ಷಿಣದವ್ರು ಮರೆತ್ರು, ನಮ್ಮ ಕಡೆ ಉಳೀತು. ಈ ಮಹರಾಯ ನಮ್ಮಿಂದ ಕಲಿತದ್ದು ಅದೊಂದೇ ಪದ, ಅದನ್ನೂ ನಮ್ಮ ಮೇಲೇ ಎಸೆದ!”

“ನಾಯಿ ಸುಮ್ಸುಮ್ನೆ ಕುಂಯ್‌ಗುಡ್ತದಾ? ಬಾಲದ ಮೇಲೆ ಯಾರದೋ ಬೂಟಿರ್ತದೆ. ಬೂಟಿಗೆ ಬೈಗುಳ ಇಲ್ಲ, ಕುಂಯ್‌ಗುಟ್ಟಿದ್ದಕ್ಕೆ ಇದೆ ನೋಡು!” ಎಂದಳು ತಬಿತಾ.

ಮಗ್ಗಗಳು ಗುಡುಗಿದವು. ಆ ಸದ್ದಿನಲ್ಲಿ ಕಿವಿ ಇದ್ದೂ ಇಲ್ಲದಂತೆ. ಅದಕ್ಕೇ ಅಜ್ಜಿಯರ ಕಾಲದಿಂದಲೂ ಇಲ್ಲಿಯ ನೇಕಾರರು ಸದ್ದಿಲ್ಲದೆ, ಬಾಯನ್ನು ಅಗಲಿಸಿ ತುಟಿಯಲ್ಲೇ ಮಾತಾಡುತ್ತಾರೆ. ಫೆನ್‌ವಿಕ್‌ಗೆ ಆ ಭಾಷೆ ಕಲಿಯುವ ಪುರುಸೊತ್ತಿರಲಿಲ್ಲ.

‘ನಮ್ಮನ್ನ ಆಲೂಗಡ್ಡೆ ಥರ ಬೇಯಿಸ್ತಾನೆ!’ ತಬಿತಾಳ ತುಟಿ ಆಡಿತು.

‘ನೀನು ಎಷ್ಟು ಬೆಂದ್ರೂ ಮೆತ್ತಗಾಗಲ್ಲ ಬಿಡೇ!’ ಎದುರು ಸಾಲಿನಿಂದ ಉತ್ತರ ಬಂತು.

ಬಾಗಿಲು ತೆರೆಯಿತು. ಫೆನ್‌ವಿಕ್ ಜೊತೆ ಟೋಪಿ ತೊಟ್ಟ ಹೆಂಗಸು: ಇನ್‌ಸ್ಪೆಕ್ಟರ್ ಮಿಸ್ ಎಂಟ್ವಿಸಲ್. ಅವನು ಅವಳ ಕಿವಿಯಲ್ಲಿ ಕಿರುಚಿದ್ದನ್ನು ತಬಿತಾ ದೂರದಿಂದಲೇ ತುಟಿ ನೋಡಿ ಓದಿದಳು: ‘ಎಷ್ಟು ಖುಷಿ ನೋಡಿ! ಎಲ್ಲರೂ ದೇವರ ಹಾಡು ಹಾಡ್ತಿದ್ದಾರೆ!’

ತಬಿತಾಳ ಮೈ ಉರಿಯಿತು. ಮಗ್ಗ ಹೋದರೆ ಹೋಗಲಿ. ಅವಳು ಜೇಬೆಜ್ ಕಡೆ ತಿರುಗಿ ಬಾಯಿ ಅಗಲಿಸಿದಳು: ‘ತೇವ ಅಳೆಯೋ ಮಾಪಕಾನ ಬಾಗಿಲ ಹತ್ರ, ಒಣ ಜಾಗದಲ್ಲಿ ನೇತು ಹಾಕಿದ್ದಾನೆ, ಕಳ್ಳ!’

ಇನ್‌ಸ್ಪೆಕ್ಟರ್ ಕಣ್ಣು ತಬಿತಾಳ ಮೇಲೆ ನಿಂತಿತು. ಮೆಲ್ಲಗೆ ಆಕೆಯ ತುಟಿಯೂ ಸದ್ದಿಲ್ಲದೆ ಅಗಲವಾಗಿ ಆಡಿತು.

‘ಮೊದಲು ಎಲ್ಲಿತ್ತು ಅಕ್ಕಾ? ನಮ್ಮಮ್ಮನೂ ನೇಯೋಳೇ.’

ತಬಿತಾ ತನ್ನ ಪಕ್ಕದ ಕಂಬದತ್ತ ಗಲ್ಲ ಎತ್ತಿ ತೋರಿಸಿದಳು. ‘ಇಲ್ಲೇ, ನಮ್ಮ ನಡುವೆ.’

ಮಿಸ್ ಎಂಟ್ವಿಸಲ್ ಮಾಪಕವನ್ನು ಬಾಗಿಲಿಂದ ಕಿತ್ತು ತಂದು ತಬಿತಾಳ ಮಗ್ಗದ ಪಕ್ಕದ ಕಂಬಕ್ಕೆ ಸಿಕ್ಕಿಸಿದಳು. ಸ್ವಲ್ಪ ಹೊತ್ತಿಗೆ ತೇವ ಕಾನೂನಿನ ಮಿತಿ ಮೀರಿದ್ದನ್ನು ಅದರಲ್ಲಿ ನೋಡಿ, ಮಗ್ಗಗಳನ್ನೂ ಉಗಿಯನ್ನೂ ನಿಲ್ಲಿಸಲು ಹೇಳಿದಳು.

ಇದ್ದಕ್ಕಿದ್ದಂತೆ ಕವಿದ ಮೌನದಲ್ಲಿ ಫೆನ್‌ವಿಕ್ ತಬಿತಾಳತ್ತ ಬೆರಳು ತೋರಿಸಿದ. “ಇವಳೇ ದೂರು ಹೇಳಿದ್ದು! ಇವಳ ಮಗ್ಗ—”

“ನಿಮಗೆ ಕೇಳಿಸ್ತಾ?” ಎಂದಳು ಇನ್‌ಸ್ಪೆಕ್ಟರ್. “ಇವರನ್ನ ತೆಗೆಯೋದಾದ್ರೆ, ಏನು ಕೇಳಿಸ್ತು ಅಂತ ನನಗೆ ಬರೆದು ಕಳಿಸಿ. ನಾನಂತೂ ಹಾಡು ಅಂದ್ಕೊಂಡೆ. ನೀವೇ ಹೇಳಿದ್ರಲ್ಲ. ನಾನೂ ಒಂದು ಸಾಲು ಸೇರಿಸ್ದೆ.”

ಶೆಡ್ಡು ನಕ್ಕಿತು. ಈ ಸಲ ಬೀದಿಗೆ ಕೇಳಿಸುವಷ್ಟು ಗಟ್ಟಿಯಾಗಿ.