ಅಮ್ಮನ ತೊಂಬತ್ತನಾಲ್ಕು ಅಡುಗೆಗಳು

ನನ್ನಮ್ಮ ಕ್ಲೆಯೋಫೆ ಸಾಯುವ ಮುಂಚಿನ ಎರಡು ವರ್ಷ, ಕುರ್ಚಿಯಲ್ಲಿ ಕೂತು ತನ್ನ ಅಡುಗೆಗಳನ್ನೆಲ್ಲ ಬಾಯಲ್ಲೇ ಹೇಳಿದಳು. ಏನೂ ಸಿಗದ ಕಾಲದಲ್ಲಿ ಬಾಳೆಕಾಯಿ ಸಿಪ್ಪೆಯನ್ನೇ ಕೈಮಾ ಮಾಡಿ ನಮ್ಮೆಲ್ಲರ ಹೊಟ್ಟೆ ತುಂಬಿಸಿದ ಹೆಂಗಸು ಅವಳು. ಹೇಳಿದ್ದನ್ನು ಬೈಗುಳ ಸಮೇತ ಫೋನಿನಲ್ಲಿ ಬರೆದುಕೊಂಡು, ನಮ್ಮೂರು ಕಮಗ್ವೇಯಲ್ಲಿ ಇಂಟರ್ನೆಟ್ ಸಿಗುವ ಪಾರ್ಕಿಗೆ ಹೋಗಿ, ದುಡ್ಡು ಕೊಟ್ಟು ತಂದ ಒಂದು ಗಂಟೆಯ ಕಾರ್ಡಿನ ಗುಟ್ಟಿನ ಸಂಖ್ಯೆ ಕೆರೆದು, ಪುಕ್ಕಟೆ ಬ್ಲಾಗಿಗೆ ಹಾಕುತ್ತಿದ್ದೆ. ಒಟ್ಟು ತೊಂಬತ್ತನಾಲ್ಕು. ಫೋನಿನಲ್ಲಿ ಜಾಗವಿಲ್ಲದ್ದರಿಂದ, ಬ್ಲಾಗಿಗೆ ಹಾಕಿದ ಕೂಡಲೇ ಫೋನಿನಿಂದ ಅಳಿಸಿಬಿಡುತ್ತಿದ್ದೆ.

ಪುಕ್ಕಟೆ ಬ್ಲಾಗಿನ ಕಾಟ ಒಂದೆರಡಲ್ಲ. ಅಮ್ಮನ ಅಕ್ಕಿ ಪಾಯಸದ ಪಕ್ಕದಲ್ಲೇ ಹೊಟ್ಟೆ ಕರಗಿಸುವ ಮಾತ್ರೆಯ ಜಾಹೀರಾತು! ಮೂರನೇ ಫೋಟೋ ಹಾಕಿದರೆ ಮೊದಲನೆಯದು ಮಾಯ. ಎಷ್ಟು ಜನ ಓದಿದರೆಂದು ತೋರಿಸುವ ಮೂಲೆಯಲ್ಲಿ ವಾರವಾರವೂ ಒಂದೇ ಅಂಕಿ: ಒಂದು. ಅದು ನಾನೇ ಇರಬೇಕೆಂದುಕೊಂಡಿದ್ದೆ. ದುಡ್ಡು ಕೊಟ್ಟು ಒಳ್ಳೆಯ ಬ್ಲಾಗ್ ಇಟ್ಟುಕೊಳ್ಳುವಷ್ಟು ಆದಾಯ ನನ್ನ ಹೊಲಿಗೆಯಲ್ಲಿ ಎಲ್ಲಿಂದ ಬರಬೇಕು?

ಕಳೆದ ಮಂಗಳವಾರ ಪಾರ್ಕಿನಲ್ಲಿ ತೆರೆದು ನೋಡಿದರೆ ಬ್ಲಾಗೇ ಇಲ್ಲ. ನಿಯಮ ಮೀರಿದ್ದಕ್ಕೆ ತೆಗೆದುಹಾಕಿದ್ದಾರಂತೆ. ಯಾವ ನಿಯಮ ಎಂದು ಕೇಳೋಣವೆಂದರೆ, ಪುಕ್ಕಟೆಯವರಿಗೆ ಉತ್ತರ ಕೊಡಲು ಮನುಷ್ಯರೇ ಇಲ್ಲ. ಅಮ್ಮನನ್ನೇ ಮತ್ತೆ ಕೇಳೋಣವೆಂದರೆ ಅವಳು ಹೋಗಿ ಏಳು ತಿಂಗಳಾಯಿತು. ನಾಚಿಕೆ ಬಿಟ್ಟು ಬೆಂಚಿನ ಮೇಲೆ ಕೂತು ಅತ್ತೆ.

ಪಕ್ಕದ ಬೆಂಚಿನಲ್ಲಿ ಲಿಬೋರಿಯೋ ಇದ್ದ. ನಮ್ಮ ಎದುರುಮನೆಯ ನಿವೃತ್ತ ಪೋಸ್ಟ್‌ಮನ್. ಎರಡು ವರ್ಷದಲ್ಲಿ ನನ್ನ ಬ್ಲಾಗಿನ ಕೆಳಗೆ 'ಚೆನ್ನಾಗಿದೆ' ಎಂದು ಒಂದು ಮಾತು ಬರೆದವನಲ್ಲ. ಬಂದು, ಎರಡು ನಿಮಿಷ ಫೋನ್ ಒತ್ತಿ, ಎದ್ದು ಹೋಗುವ ಜಿಪುಣ.

"ಏನಾಯ್ತೇ ನೆರೈದಾ?"

"ಏನಾದ್ರೆ ನಿಂಗೇನೋ? ಅಮ್ಮನ ಅಡುಗೆ ಎಲ್ಲಾ ಹೋಯ್ತು. ಒಂದಿನನಾದ್ರೂ ಓದಿದ್ಯಾ ನೀನು?"

"ಓದ್ದೇ ಇರ್ತೀನಾ ಮಾರಾಯ್ತಿ! ಇಲ್ಲೇ ಕೂತು ಓದಕ್ಕೆ ಆ ಕಾರ್ಡೇನು ನಮ್ಮಜ್ಜನ ಆಸ್ತೀನಾ? ತೆಗೀತೀನಿ, ಉಳಿಸ್ಕೋತೀನಿ, ಇಂಟರ್ನೆಟ್ ಆಫ್ ಮಾಡ್ತೀನಿ. ಮನೇಲಿ ನಿಧಾನಕ್ಕೆ ಓದ್ತೀನಿ. ಎಲ್ಲಾ ಇದೆ."

"ಎಲ್ಲಾ?"

"ತೊಂಬತ್ತನಾಲ್ಕೂ. ಹೊಟ್ಟೆ ಕರಗ್ಸೋ ಮಾತ್ರೆ ಸಮೇತ."

ಪಾರ್ಕಿನಲ್ಲಿ ನಾವೆಲ್ಲ ಮಾಡುವುದೇ ಅದು. ಬೇರೆಯವರ ಪುಟಗಳನ್ನು ನಾನೂ ಹಾಗೇ ಉಳಿಸಿಕೊಂಡು ಮನೆಗೆ ಒಯ್ಯುತ್ತೇನೆ. ನನ್ನದನ್ನೂ ಯಾರಾದರೂ ಒಯ್ಯಬಹುದೆಂದು ಹೊಳೆಯಲೇ ಇಲ್ಲವಲ್ಲ, ಎಂಥಾ ದಡ್ಡಿ ನಾನು!

ಅಲ್ಲಿಂದಲೇ ಅವನ ಮನೆಗೆ ಹೋದೆ. ಅವನು ಕಂಪ್ಯೂಟರಿನಲ್ಲಿ ಒಂದನ್ನು ತೆರೆದ. "ಬೀನ್ಸ್ ಬೇಯೋವಾಗ ಮುಚ್ಚಳ ತೆಗ್ದು ಇಣುಕ್ಬೇಡ, ಕತ್ತೆ." ಅಮ್ಮ! ಹೋದ ಜೀವ ಬಂದಂತಾಯಿತು.

"ಬೀದಿಯವರೆಲ್ಲ ನನ್ನತ್ರ ಪೆನ್‌ಡ್ರೈವಲ್ಲಿ ತಗೊಂಡು ಹೋಗ್ತಾರೆ," ಎಂದ. "ನಿನ್ನೆ ಬ್ರೆಡ್ ಕ್ಯೂನಲ್ಲಿ, ಬಾಳೆಸಿಪ್ಪೆಗೆ ಜೀರಿಗೆ ಮೊದ್ಲು ಹಾಕ್ಬೇಕಾ ಆಮೇಲಾ ಅಂತ ಇಬ್ರು ಹೆಂಗಸ್ರು ಜಗಳ ಆಡ್ಕೊಂಡ್ರು."

"ಇದನ್ನ ನಂಗೆ ಹೇಳಕ್ಕೇನಾಗಿತ್ತು ನಿಂಗೆ?"

"ನನ್ನ ಕಂಡ್ರೆ ಮೂತಿ ತಿರುಗಿಸ್ತಿದ್ದೆ. ಎಲ್ಲಿ ಹೇಳಲಿ?"

ಮೂಲೆಯಲ್ಲಿದ್ದ ಆ 'ಒಂದು' ನಾನಾಗಿರಲಿಲ್ಲ, ಇವನು. ಇವನ ಹಿಂದೆ ಇಡೀ ಬೀದಿ. ಎದೆ ಹಗುರವಾಗಿ ನಗು ಬಂತು. ಫೋನಿನಲ್ಲಿದ್ದ ಬೇರೆಯವರ ಪುಟಗಳನ್ನೆಲ್ಲ ಅಳಿಸಿ, ಅಮ್ಮನ ತೊಂಬತ್ತನಾಲ್ಕನ್ನೂ ಅವನಿಂದ ಹಾಕಿಸಿಕೊಂಡೆ.

ಮರುದಿನ ಅಕ್ಕಿ ಪಾಯಸ ಮಾಡಿ ಒಂದು ಬಟ್ಟಲು ಅವನಿಗೆ ಕೊಟ್ಟೆ. ಒಂದು ಚಮಚ ಬಾಯಿಗಿಟ್ಟು ಮುಖ ಕಿವುಚಿದ.

"ಚಿಟಿಕೆ ಉಪ್ಪು ಮರ್ತಿದ್ದೀಯ. ಐವತ್ತೊಂದನೇದು ನೋಡು."

ಮನೆಗೆ ಬಂದು ನೋಡಿದೆ. ಅಮ್ಮ ಹೇಳಿದ್ದಳು. ಹಾಕಿದೆ.