ಡೇಟಾ ಸೆಂಟರಿನ ಹಿತ್ತಲಲ್ಲಿ ಶಾವಿಗೆ

ಆಷಾಢದಲ್ಲಿ ಶಾವಿಗೆ ಮಾಡಲು ಹೊರಟವರನ್ನು ಗುಡ್ನಾಪುರದಲ್ಲಿ ಹುಚ್ಚರೆನ್ನುತ್ತಾರೆ. ಬಿಸಿಲೇ ಇಲ್ಲದ ಮೇಲೆ ಹಸಿ ಎಳೆ ಒಣಗುವುದೆಲ್ಲಿ? ಆದರೆ ಕಲ್ಲವ್ವ ಮಾಡುತ್ತಿದ್ದಳು, ಅದೂ ಗರಿಗರಿಯಾಗಿ! ಅವಳ ಗುಟ್ಟು ಶಿರಸಿಯಲ್ಲಿತ್ತು. ಬನವಾಸಿ ರಸ್ತೆಯ ಡೇಟಾ ಸೆಂಟರಿನಲ್ಲಿ ಅವಳು ಕಸ ಗುಡಿಸುವ ಕೆಲಸಕ್ಕಿದ್ದಳು. ಊರಮಂದಿಯ ಫೋಟೊ, ವಿಡಿಯೊ, ಮಾತುಕತೆ ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಹಗಲಿರುಳು ಗುಂಯ್‌ಗುಡುವ ಯಂತ್ರಗಳ ಕಟ್ಟಡ ಅದು. ಅವುಗಳ ಬಿಸಿಗಾಳಿಯನ್ನು ದೊಡ್ಡ ಫ್ಯಾನುಗಳು ಹಿತ್ತಲಿಗೆ ಊದುತ್ತಿದ್ದವು. ಅಲ್ಲಿ ತಗಡಿನ ಮಾಡಿನಡಿ ಕೋಲು ಕಟ್ಟಿ ಶಾವಿಗೆ ಇಳಿಬಿಟ್ಟರೆ ಸಂಜೆಯೊಳಗೆ ಒಣಗುತ್ತಿತ್ತು. ಪುಕ್ಕಟೆ ಬಿಸಿಲು, ಯಾರಿಗುಂಟು!

ಈ ಸಲ ನೆರೆಮನೆಯ ಮುರಿಗೆವ್ವನ ಮಗಳ ಕುಬಸದ ಪಾಯಸಕ್ಕೆ ಶಾವಿಗೆ ಕೊಡುತ್ತೇನೆಂದು ಕಲ್ಲವ್ವ ಮಾತು ಕೊಟ್ಟಿದ್ದಳು. ಚೊಚ್ಚಲ ಬಸುರಿಯ ಸೀಮಂತ ಅದು. ಮಾತು ತಪ್ಪಿದರೆ ಓಣಿಯಲ್ಲಿ ಮುಖವೆತ್ತಿ ತಿರುಗುವ ಹಾಗಿಲ್ಲ. ಆದರೆ ಒಂದು ದಿನದ ರಜೆ ಮುಗಿಸಿ ಆ ಬೆಳಿಗ್ಗೆ ಹಿತ್ತಲಿಗೆ ಬಂದು ನೋಡಿದರೆ, ಮೊನ್ನೆ ಇಳಿಬಿಟ್ಟ ಎಳೆ ಇನ್ನೂ ಮೆತ್ತಗಿದೆ, ಅಲ್ಲಲ್ಲಿ ಬೂಷ್ಟು ಬೇರೆ. ಫ್ಯಾನಿನ ಮುಂದೆ ಕೈ ಹಿಡಿದಳು. ಗಾಳಿ ಬರೀ ಉಗುರುಬೆಚ್ಚಗಿತ್ತು. ಕೈಯಲ್ಲಿ ಶಾವಿಗೆಯ ಕೋಲು ಹಿಡಿದುಕೊಂಡೇ ಎಂಜಿನಿಯರ್ ಗಂಗಾಂಬಿಕಾಳ ಕೋಣೆಗೆ ನುಗ್ಗಿದಳು.

"ಗಂಗವ್ವಾ, ನನ್ನ ಗಾಳಿಗೆ ಏನ್ ಮಾಡೀದಿ?"

ಗಂಗಾಂಬಿಕಾ ಕುರ್ಚಿಯಿಂದ ಜಿಗಿದೆದ್ದಳು. "ತಣ್ಣಗಾಗೇತೇನ? ಖರೇ?" ಅಂದವಳೇ ಕಲ್ಲವ್ವನನ್ನು ತಬ್ಬಿಕೊಂಡುಬಿಟ್ಟಳು.

"ಏ, ಬಿಡವಾ! ಏನಾಗೇತಿ ನಿನಗ?"

"ಅಕ್ಕಾ, ಈ ಯಂತ್ರ ಒಂದಕ್ಕೊಂದು ಮಾತಾಡ್ತಿದ್ದದ್ದು ತಾಮ್ರದ ತಂತಿಯಾಗ. ಅದರಾಗ ಸುದ್ದಿ ನೂಕಬೇಕಂದ್ರ ಕರೆಂಟ್ ತಿಂದು ತಿಂದು ಕಾಯ್ತಿದ್ವು. ಈಗ ಬೆಳಕಿನಾಗ ಕಳಸ್ತಾವು. ನೋಡು, ಈ ಗಾಜಿನ ಎಳಿ ನಿನ್ನ ಶಾವಿಗಿಗಿಂತ ಸಣ್ಣದು."

"ಸಣ್ಣದಿದ್ರ ಅದರ ಪಾಯಸಾ ಮಾಡಾಕ ಬರ್ತದೇನು?" ಎಂದು ಕಲ್ಲವ್ವ ಕೋಲನ್ನು ಮೇಜಿನ ಮೇಲೆ ಕುಕ್ಕಿದಳು.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರಲ್ಲ, ಹಾಗಾಯಿತು. ಗಂಗಾಂಬಿಕಾ ಬೂಷ್ಟು ಹಿಡಿದ ಎಳೆ ನೋಡಿದಳು. ನಗು ಹೋಯಿತು. "ಅಯ್ಯ ಅಕ್ಕಾ, ಇದು ನನ್ನ ತಲ್ಯಾಗ ಬರ್ಲೇ ಇಲ್ಲ," ಎಂದು ಮೆಲ್ಲಗೆ ಅಂದಳು. ಹುಡುಗಿ ಇದಕ್ಕಾಗಿ ವರ್ಷಗಟ್ಟಲೆ ಊಟ ನಿದ್ದೆ ಬಿಟ್ಟು ದುಡಿದದ್ದನ್ನು ಕಲ್ಲವ್ವನೇ ಕಂಡಿದ್ದಳು. ಬಾಯಿಗೆ ಬಂದ ಬೈಗುಳ ಅಲ್ಲೇ ನಿಂತಿತು.

ಅಷ್ಟರಲ್ಲಿ ಮ್ಯಾನೇಜರ್ ವಿನೋದ ಬಂದ. ಮೀಟರು ನೋಡಿ ಬಂದವನ ಮುಖ ಅರಳಿತ್ತು. "ಭಾರಿ ಕೆಲಸ ಮಾಡಿದ್ರಿ ಗಂಗಾಂಬಿಕಾ! ಉಳಿದ ಕರೆಂಟಿನಾಗ ಇನ್ನೂ ಎರಡು ಸಾಲು ಯಂತ್ರ ಕೂಡಸೋಣ. ನಾಳೆನೇ ಲಾರಿ ಬರ್ತದ."

"ಸರ್, ಕರೆಂಟ್ ಉಳೀಲಿ ಅಂತ ಅಲ್ಲೇನ್ರೀ ಇದನ್ನ ಮಾಡಿದ್ದು?"

"ಉಳೀತು ಅಂತನ ಕೂಡಸೂದು!" ಎಂದು ನಗುತ್ತಾ ಅವನು ಹೊರಟುಹೋದ.

ಮತ್ತೆ ಬಿಸಿಗಾಳಿ! ಕಲ್ಲವ್ವನ ಎದೆ ಹಿಗ್ಗಿತು. ದೇವರು ದೊಡ್ಡವ ಎಂದು ಕೈ ಮುಗಿಯುವವಳಿದ್ದಳು. ಆದರೆ ಗಂಗಾಂಬಿಕಾ ಮೇಜಿನ ಮೇಲಿನ ಗಾಜಿನ ಎಳೆಯನ್ನು ಸುಮ್ಮನೆ ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಬೆಳಿಗ್ಗೆ ಕೋಲಿನ ಮುಂದೆ ನಿಂತಾಗ ತನ್ನ ಮುಖವೂ ಹೀಗೇ ಇದ್ದಿರಬೇಕು ಎನ್ನಿಸಿತು ಕಲ್ಲವ್ವನಿಗೆ. ಮುಗಿಯಲೆತ್ತಿದ ಕೈ ಇಳಿಸಿದಳು.

ಹೊಸ ಯಂತ್ರಗಳು ಬಂದವು. ಹಿತ್ತಲು ಮೊದಲಿನಂತೆಯೇ ಬಿಸಿಯಾಯಿತು. ಕಲ್ಲವ್ವ ಮತ್ತೆ ಹಿಟ್ಟು ನಾದಿ ಎಳೆ ತೆಗೆದು ಒಣಗಿಸಿದಳು. ಕುಬಸದ ಪಾಯಸ ಉಂಡವರೆಲ್ಲ ಅವಳ ಕೈ ಹೊಗಳಿದರು. ಅವಳಿಗೆ ಮಾತ್ರ ಆ ಹೊಗಳಿಕೆ ಪೂರ್ತಿ ಗಂಟಲಿಗಿಳಿಯಲಿಲ್ಲ.

ಮಾರನೆಯ ದಿನ ಪಾಯಸದ ಡಬ್ಬಿ ತಂದು ಗಂಗಾಂಬಿಕಾಳ ಮುಂದಿಟ್ಟಳು.

"ಬ್ಯಾಡಕ್ಕಾ, ಹಸಿವಿಲ್ಲ," ಎಂದಳು ಹುಡುಗಿ.

ಕಲ್ಲವ್ವ ಮುಚ್ಚಳ ತೆಗೆದಳು. "ನೀ ಉಳಿಸಿದ್ದನ್ನ ಅವ್ರು ತಿಂದ್ರು ತಂಗಿ. ನಾ ಮಾಡಿದ್ದನ್ನಾದ್ರೂ ನೀ ತಿನ್ನು."

ಗಂಗಾಂಬಿಕಾ ಕಣ್ಣೊರೆಸಿಕೊಂಡು ಚಮಚ ತಗೊಂಡಳು. ಡಬ್ಬಿ ಖಾಲಿಯಾಗುವ ತನಕ ಕಲ್ಲವ್ವ ಪಕ್ಕದಲ್ಲೇ ಕೂತಿದ್ದಳು.