ಆರರ ಮನೆಯಲ್ಲಿ ಐದು

ಬಡಗಿ ಶವಪೆಟ್ಟಿಗೆಗೆ ಹಿಡಿ ಕೂರಿಸುತ್ತಿದ್ದ. ಮೂರನೆಯ ಸ್ಕ್ರೂ ಕೂಡ ಮರ ಹಿಡಿಯದೆ ತೂತಿನೊಳಗೆ ಗಿರಗಿರನೆ ತಿರುಗಿದಾಗ, ಡ್ರಿಲ್ಲಿನಿಂದ ಕೊರೆಯುವ ಬಿಟ್ ಕಳಚಿ ಬೆಳಕಿಗೆ ಹಿಡಿದ.

“ಇದು ಐದು ಎಂ.ಎಂ. ಅಲ್ಲ, ಆರು,” ಎಂದ. “ಐದರ ಮನೇಲಿ ಆರನ್ನ ಕೂರಿಸಿದ್ದು ಯಾರು? ನಿಮ್ಮಪ್ಪ ಹೋದ ಮೇಲೂ ನನ್ನ ಗೋಳು ಹೊಯ್ಕೋತಿದಾನಲ್ಲ.”

ತೀರಿಕೊಂಡವನ ಮಗಳು ಸ್ಕ್ರೂ ಡಬ್ಬಿ ಹಿಡಿದು ನಿಂತಿದ್ದಳು. ಅವಳು ಉತ್ತರ ಕೊಡುತ್ತಾಳೆಂದು ಯಾರೂ ಕಾಯುತ್ತಿರಲಿಲ್ಲ. ಇಪ್ಪತ್ತೆರಡು ತುಂಬಿದರೂ ಮನೆಮಂದಿಗೆಲ್ಲ ಅವಳು ‘ಮೂಗಿ’. ಮೇಜಿನ ಮೇಲೆ ಅಪ್ಪನ ಮರದ ದಿಮ್ಮಿ ಇತ್ತು. ಅದರಲ್ಲಿ ಹನ್ನೆರಡು ತೂತು, ಎಲ್ಲವೂ ಒಂದೇ ಅಳತೆಯವು. ತೂತಿಗೊಂದು ಬಿಟ್, ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ. ಐದರ ಮನೆಯಲ್ಲಿ ಆರು ಇತ್ತೆಂದರೆ, ಆರರ ಮನೆಯಲ್ಲಿ? ಪಕ್ಕದ ಬಿಟ್ ಎಳೆದು ನೋಡಿದಳು. ಬುಡದಲ್ಲಿ ಸಣ್ಣಗೆ ಕೊರೆದ ಅಂಕಿ ಐದು.

ಡಬ್ಬಿ ಕೆಳಗಿಟ್ಟು ಆ ಅಂಕಿಯನ್ನು ಮತ್ತೊಮ್ಮೆ ಓದಿದಳು.

“ನೀನು ಒಳಗೆ ಹೋಗಿ ಕೂತ್ಕೊಳಮ್ಮ,” ಎಂದ ಬಡಗಿ. “ಮುಖ ಸುಣ್ಣ ಆಗಿದೆ.”

*

ಅಪ್ಪನ ಕಸುಬು ಸೋರುವ ಕಿಟಕಿಗಳದ್ದು. ವಯಸ್ಸಾದ ಹಾಯಿದೋಣಿಗಳ ಕ್ಯಾಬಿನ್ ಕಿಟಕಿಗಳೂ ಛಾವಣಿಯ ಮುಚ್ಚಳಗಳೂ ಸೋರತೊಡಗುತ್ತವೆ. ಮೊದಲು ಗೋಡೆಯ ಮೇಲೊಂದು ಕಂದು ಗೆರೆ, ಆಮೇಲೆ ಒದ್ದೆ ದಿಂಬು, ಕೊನೆಗೆ ಹಲಗೆಯೇ ಬಿಸ್ಕತ್ತಿನ ಹಾಗೆ ಕೈಗೆ ಬರುತ್ತದೆ. ಅಪ್ಪ ಹಳೆಯದನ್ನು ಕಿತ್ತು, ಒಣಗಿದ ಅಂಟು ಕೆರೆದು, ಗಾಜಿನಂಥ ಅಕ್ರಿಲಿಕ್ ಹಾಳೆ ಕತ್ತರಿಸಿ ಹೊಸದಾಗಿ ಕೂರಿಸುತ್ತಿದ್ದ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಮಗಳನ್ನು ಕೆಲಸಕ್ಕೆ ಕರೆದೊಯ್ದ ಮೊದಲ ದಿನವೇ ಹೇಳಿಕೊಟ್ಟಿದ್ದ.

“ಬೋಲ್ಟು ಐದು, ತೂತು ಆರು. ಬಿಸಿಲಿಗೆ ಈ ಹಾಳೆ ಉಬ್ಬುತ್ತೆ, ತಂಪಿಗೆ ಕುಗ್ಗುತ್ತೆ. ಆಡೋಕೆ ಜಾಗ ಕೊಡದಿದ್ರೆ ಬೋಲ್ಟಿನ ಬುಡದಿಂದ ಸೀಳುತ್ತೆ. ಇವತ್ತು ಏನೂ ಕಾಣಲ್ಲ, ನಾಳೇನೂ ಕಾಣಲ್ಲ. ನಡುನೀರಲ್ಲಿ ಅಲೆ ಬಂದು ಬಡಿದಾಗ ಕಿಟಕಿಗೆ ಕಿಟಕಿನೇ ಒಳಗೆ ಬರುತ್ತೆ.”

ಕೆಲಸ ಮುಗಿದ ಮೇಲೆ ಅವನು ಕಿಟಕಿಗಳ ಕೆಳಗೆ ಹಳೇ ಪತ್ರಿಕೆ ಹರಡಿ ಕ್ಯಾಬಿನ್ನಿನೊಳಗೆ ಕೂರುತ್ತಿದ್ದ. ಅವಳು ಹೊರಗಿನಿಂದ ಪೈಪು ಹಿಡಿದು ಅರ್ಧ ಗಂಟೆ ನೀರು ಹೊಡೆಯಬೇಕು. ಆಮೇಲೆ ಆ ಒಣ ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ದೋಣಿಯವರ ಕೈಗೆ ಕೊಡುತ್ತಿದ್ದ. ಅದೇ ಅವನ ಖಾತರಿ, ಬೇರೆ ಮಾತೇ ಇಲ್ಲ.

ಎರಡು ವರ್ಷದಿಂದ ಅವನ ಕಣ್ಣು ಮಂಜಾಗಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಬಿಟ್ ಬೇಕಾದಾಗ ದಿಮ್ಮಿಯ ಅಂಚಿನಿಂದ ಹೆಬ್ಬೆರಳು ಜಾರಿಸುತ್ತಾ ಮನಸ್ಸಿನಲ್ಲೇ ಎಣಿಸುವುದನ್ನು ಅವಳು ನೋಡಿಯೂ ನೋಡದವಳಂತೆ ಇದ್ದಳು. ಹೋದ ತಿಂಗಳು ಬಿಟ್‌ಗಳನ್ನೆಲ್ಲ ಹೊರಗೆ ತೆಗೆದು, ತುಕ್ಕು ಉಜ್ಜಿ ಎಣ್ಣೆ ಸವರಿದವಳೂ ಅವಳೇ. ಒಲೆಯ ಮೇಲೆ ಹಾಲು ಉಕ್ಕಿದ ವಾಸನೆ ಬಂದಿತ್ತು. ಕೊನೆಯ ನಾಲ್ಕೈದನ್ನು ಗಡಿಬಿಡಿಯಲ್ಲಿ ಸಿಕ್ಕಿಸಿ ಓಡಿದ್ದಳು.

*

ಹನ್ನೊಂದು ಗಂಟೆಗೆ ಮನೆ ತುಂಬಿತು. ಅಪ್ಪ ಮೂರು ದಿನದ ಹಿಂದೆ ಕೆಲಸದಿಂದ ಬಂದು ಕುರ್ಚಿಯಲ್ಲಿ ಕೂತು ಒಂದು ಬೂಟು ಕಳಚಿದವನು ಇನ್ನೊಂದಕ್ಕೆ ಬಗ್ಗಿರಲಿಲ್ಲ. ಆ ಕುರ್ಚಿಯಲ್ಲಿ ಯಾರೂ ಕೂರುತ್ತಿರಲಿಲ್ಲ. ಜಾಗ ಸಾಲದೆ ನಿಂತವರೂ ಅದನ್ನು ಬಳಸಿ ಹೋಗುತ್ತಿದ್ದರು. ಹೊರಗೆ ಬೆಳಗಿನಿಂದ ಎಲೆ ಅಲ್ಲಾಡದ ಸೆಕೆ. ಕಡಲಿನ ಮೇಲೆ ಮಾತ್ರ ಸೀಸದ ಬಣ್ಣದ ಒಂದು ಪಟ್ಟಿ, ನೋಡನೋಡುತ್ತ ಅಗಲವಾಗುತ್ತಿತ್ತು.

ಮೇಷ್ಟ್ರು ಹೆಂಡತಿಯನ್ನೂ ಆರು ವರ್ಷದ ಮಗಳನ್ನೂ ಕರೆದುಕೊಂಡು ಬಂದರು. ಅಪ್ಪ ಕೊನೆಯದಾಗಿ ಕೆಲಸ ಮಾಡಿದ್ದು ಅವರ ಹಳೇ ದೋಣಿಗೆ: ಆರು ಕಿಟಕಿ, ಎರಡು ಮುಚ್ಚಳ. ಒಂದು ರಾತ್ರಿಯ ದೂರದಲ್ಲಿದ್ದ ದ್ವೀಪದ ಶಾಲೆಯಲ್ಲಿ ಅವರಿಗೆ ಕೆಲಸ ಸಿಕ್ಕಿತ್ತು. ನಾಲ್ಕು ಗಂಟೆಯ ಕಡಲಿನ ಇಳಿತಕ್ಕೇ ಹೊರಡುತ್ತೇವೆ, ಗಾಳಿ ಜೋರಾಗುವ ಮೊದಲು ದ್ವೀಪದ ಮರೆ ಸೇರಿಬಿಡಬೇಕು, ಎಂದು ಮೂಗಿಯ ಅಣ್ಣನಿಗೆ ಹೇಳುತ್ತಿದ್ದರು. ಅವಳು ಗೋಡೆಗೊರಗಿ ಕೇಳಿಸಿಕೊಂಡಳು. ಮೇಷ್ಟ್ರ ಮಗು ಅವಳ ಕಡೆ ನೋಡಿ, ನನ್ನ ಹಾಸಿಗೆ ಕಿಟಕಿ ಕೆಳಗೇ ಗೊತ್ತಾ, ನಕ್ಷತ್ರ ಕಾಣುತ್ತೆ, ಎಂದಿತು.

*

ಆ ಕಿಟಕಿಗೆ ಬೋಲ್ಟು ತೂರಿಸಿದವಳು ಅವಳೇ. ತೂತು ಕೊರೆದದ್ದು ಅಪ್ಪ, ಹೊರಗೆ ನಿಂತು. ಒಳಗಿದ್ದ ಅವಳ ಬೆರಳಿಗೆ ಮೊದಲ ಬೋಲ್ಟೇ ಬಿಗಿ ಎನಿಸಿತು. ಎರಡನೆಯದಕ್ಕೆ ಅಂಗೈಯಲ್ಲಿ ಗುದ್ದು ಕೊಡಬೇಕಾಯಿತು. ಯಾಕಪ್ಪಾ ಬಿಗಿ, ಎಂದು ಕೇಳಬಹುದಿತ್ತು. ಕೇಳಿದರೆ ಅವನು ಬಿಟ್ ತೆಗೆದು ಅಂಕಿ ನೋಡಬೇಕು. ಕಾಣುವುದಿಲ್ಲ. ಓದು ಅಂತ ಅವಳ ಕೈಗೆ ಕೊಡಬೇಕು. ಆ ಗಳಿಗೆಯನ್ನು ನೆನೆದೇ ಅವಳು ಕೇಳಲಿಲ್ಲ.

“ಕೂತಿತೇನೇ?” ಎಂದು ಹೊರಗಿನಿಂದ ಅಪ್ಪ ಕೇಳಿದ್ದ.

“ಹೂಂ,” ಎಂದಿದ್ದಳು.

ಹೀಗೆ ಐವತ್ತೆರಡು ಬೋಲ್ಟು, ಐವತ್ತೆರಡು ಸಲ ಹೂಂ.

*

ಮಣ್ಣು ಮುಚ್ಚುವಾಗ ಮೊದಲ ಗಾಳಿ ಬಂತು. ತಣ್ಣಗಿತ್ತು. ಹೆಂಗಸರು ತೋಳು ಮುಚ್ಚಿಕೊಂಡರು. ಮೇಷ್ಟ್ರು ಒಂದು ಹಿಡಿ ಮಣ್ಣು ಹಾಕಿ, ಕೈ ಝಾಡಿಸಿ, ಗಡಿಯಾರ ನೋಡಿಕೊಂಡು ಸಂಸಾರದೊಂದಿಗೆ ಹೊರಟರು.

ಅವಳು ಅಣ್ಣನನ್ನು ಸ್ಮಶಾನದ ಗೇಟಿನ ಹತ್ತಿರ ಹಿಡಿದು ಬಿಟ್ ಅದಲು ಬದಲಾದದ್ದನ್ನು ಹೇಳಿದಳು. ಅವನು ಕೇಳಿದ, ಸುತ್ತ ನೋಡಿದ, ದನಿ ತಗ್ಗಿಸಿದ.

“ಇನ್ನೂ ಮಣ್ಣು ಹಸಿ ಇದೆ. ನಲವತ್ತು ವರ್ಷದ ಹೆಸರಿಗೆ ಇವತ್ತೇ ಮಸಿ ಬಳೀಬೇಕಾ? ನೀರು ಹೊಡೆದು ನೋಡಿದೀರಲ್ಲ, ಸೋರ್ಲಿಲ್ಲ ತಾನೆ? ಬಾಯಿ ಮುಚ್ಕೊಂಡಿರೋದು ನಿನಗೇನು ಹೊಸದಾ?”

ಅವಳು ಓಡಿದಳು. ಇಳಿಜಾರಿನ ಬೀದಿಯುದ್ದಕ್ಕೂ ಅಂಗಡಿಗಳ ಬಾಗಿಲು ಮುಚ್ಚುವ ಸದ್ದು. ಬಂದರಿನ ಧಕ್ಕೆಯಲ್ಲಿ ಕಟ್ಟಿದ ದೋಣಿಗಳ ಹಗ್ಗಗಳು ಕಂಬಗಳಿಗೆ ಪಟಪಟ ಬಡಿಯುತ್ತಿದ್ದವು. ಮೇಷ್ಟ್ರು ಮುಂದಿನ ಹಗ್ಗ ಬಿಚ್ಚಿ ಆಗಿತ್ತು, ಹಿಂದಿನದಕ್ಕೆ ಬಗ್ಗಿದ್ದರು.

“ಹೋಗಬೇಡಿ, ಮೇಷ್ಟ್ರೇ,” ಎಂದಳು. “ಕಿಟಕಿ ಸರಿಯಿಲ್ಲ.”

ಅವಳ ದನಿಯನ್ನು ಅವರು ಇದುವರೆಗೂ ಕೇಳಿರಲಿಲ್ಲವೇನೋ, ತಲೆಯೆತ್ತಿ ನೋಡಿದರು. ಜೇಬಿನಿಂದ ನಾಲ್ಕು ಮಡಿಕೆಯ ಪತ್ರಿಕೆ ತೆಗೆದು ತೋರಿಸಿದರು.

“ನಿಮ್ಮಪ್ಪನೇ ಕೊಟ್ಟಿದ್ದು. ಒಂದು ಹನಿ ಇಲ್ಲ. ಮನೆಗೆ ಹೋಗಮ್ಮ, ಮಲಗು. ನಿನ್ನ ಸಂಕಟ ಗೊತ್ತಾಗುತ್ತೆ.”

“ತಪ್ಪು ಅಪ್ಪಂದಲ್ಲ, ನಂದು. ಬಿಟ್ ಅದಲು ಬದಲು ಇಟ್ಟವಳು ನಾನು. ಅಪ್ಪಂಗೆ ಕಣ್ಣು ಕಾಣ್ತಿರ್ಲಿಲ್ಲ. ಬೋಲ್ಟು ಬಿಗಿಯಾಗಿತ್ತು, ಗೊತ್ತಾದ್ರೂ ನಾನು ಬಾಯಿ ಬಿಡ್ಲಿಲ್ಲ.” ಮನೆಯಿಂದ ತಂದಿದ್ದ ಐದರ ಬಿಟ್ ಹಿಡಿದ ಮುಷ್ಟಿ ತೆರೆದಳು. ಅಂಗೈಯಲ್ಲಿ ಬಿಟ್ಟಿನ ಸುರುಳಿ ಅಚ್ಚೊತ್ತಿತ್ತು.

ಮೇಷ್ಟ್ರು ಅದನ್ನು ನೋಡಿದರು, ಆಮೇಲೆ ಆಕಾಶ ನೋಡಿದರು. ದ್ವೀಪಕ್ಕೆ ಹೋಗಿ ಯಾರಿಗಾದರೂ ತೋರಿಸಿದರಾಯಿತು, ಇವತ್ತು ತಪ್ಪಿದರೆ ಈ ಗಾಳಿ ಅಡಗಲು ವಾರ ಕಾಯಬೇಕು, ಕೆಲಸ ಕಾಯುವುದಿಲ್ಲ, ಎಂದು ಹೇಳುತ್ತಲೇ ಹಗ್ಗದ ಗಂಟಿಗೆ ಕೈ ಹಾಕಿದರು.

ಆಗ ಕ್ಯಾಬಿನ್ನಿನೊಳಗಿಂದ ಟಿಕ್ ಎಂದಿತು. ಉಗುರಿನಿಂದ ಗಾಜು ಮೀಟಿದಷ್ಟೇ ಸದ್ದು.

“ಅಮ್ಮಾ,” ಎಂದು ಮಗು ಒಳಗಿನಿಂದ ಕರೆಯಿತು. “ಕಿಟಕೀಲಿ ಒಂದು ಕೂದಲು. ಒರೆಸಿದ್ರೂ ಹೋಗ್ತಿಲ್ಲ.”

ಮೇಷ್ಟ್ರ ಹೆಂಡತಿ ಮೆಟ್ಟಿಲಿಳಿದು ಹೋದಳು. ಹೊರಗಿನಿಂದಲೇ ಕಾಣುತ್ತಿತ್ತು: ಆಕೆ ಕಿಟಕಿಗೆ ಮುಖ ತಂದು ಹೆಬ್ಬೆರಳಿನಿಂದ ಉಜ್ಜಿದಳು, ಬೆರಳಿಗೆ ಎಂಜಲು ಹಚ್ಚಿ ಮತ್ತೆ ಉಜ್ಜಿದಳು. ಬೋಲ್ಟಿನ ಬುಡದಿಂದ ಹೊರಟ ಗೆರೆ ಹಾಗೆಯೇ ಇತ್ತು. ದಿನವಿಡೀ ಬಿಸಿಲಿಗೆ ಕಾದಿದ್ದ ದೋಣಿಯ ಮೇಲೆ ತಣ್ಣನೆಯ ಗಾಳಿ ಮತ್ತೊಮ್ಮೆ ಬೀಸಿತು.

ಟಿಕ್.

ಮೇಷ್ಟ್ರ ಕೈ ಗಂಟಿನ ಮೇಲೆಯೇ ನಿಂತಿತು. ಕಿಟಕಿಯಾಚೆ ಅವರ ಹೆಂಡತಿ ಯಾರ ಕಡೆಗೂ ನೋಡದೆ ಬಗ್ಗಿ, ಮಗುವಿನ ದಿಂಬನ್ನು ಎತ್ತಿ ಎದೆಗವಚಿಕೊಂಡಳು.